ಮೂತಿಗೆ ಪೆಟ್ಟು, ಬೆನ್ನಿಗೆ ಪೆಟ್ಟು, ಹೊಟ್ಟೆಗೆ ಪೆಟ್ಟು: ಮೂರು ಸೆಕೆಂಡ್ ಹ್ಯಾಂಡ್ ನೆಕ್ಸಾನ್ ಇವಿ

ಪೆಟ್ರೋಲ್ ಕಾರಾಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬಾನೆಟ್ ಎತ್ತಿ, ಸೈಲೆನ್ಸರ್ ಹೊಗೆಯ ಬಣ್ಣ ನೋಡಿ, ನಮ್ಮ ಗ್ಯಾರೇಜ್ ಭಾಯ್ ಕೈಲಿ ಒಂದು ರೌಂಡ್ ಹೊಡೆಸಿದ್ದರೆ ಮುಗಿಯುತ್ತಿತ್ತು. ಎಲೆಕ್ಟ್ರಿಕ್ ಕಾರಿಗೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಎಲ್ಲಕ್ಕಿಂತ ದುಬಾರಿ ಸಾಮಾನು ಕಾಲಡಿಯಲ್ಲಿ, ಮುಚ್ಚಿದ ಡಬ್ಬಿಯೊಳಗೆ ಕೂತಿರುತ್ತದೆ. ಅದಕ್ಕೆ ಪೆಟ್ಟಾಗಿದೆಯೋ ಇಲ್ಲವೋ ಎಂದು ಪಾಲಿಶ್ ಹೊಡೆದ ಬಾಡಿ ನೋಡಿ ಹೇಳಲು ಯಾರಿಂದಲೂ ಆಗದು.

2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಮೂರು ಕಾರು ನೋಡಿದೆ. ಮೂರೂ ಒಂದೇ ಮಾಡೆಲ್, ಮೂರೂ 2021ರವು: 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮೊದಲ ತಲೆಮಾರಿನ ಟಾಟಾ ನೆಕ್ಸಾನ್ ಇವಿ. ಬೇಕೆಂದೇ ಹಾಗೆ ಆರಿಸಿದ್ದು. ಮಾಡೆಲ್ ಒಂದೇ ಆದರೆ ಉಳಿಯುವ ವ್ಯತ್ಯಾಸ ಕಾರಿನ ಚರಿತ್ರೆ ಮಾತ್ರ. ಈ ಕಾರಿನ ಬ್ಯಾಟರಿಗೆ ಕಂಪನಿಯ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್. ಅಂದರೆ 2029ರವರೆಗೆ ನೆಮ್ಮದಿ ಎಂದು ಮಾರುವವರೆಲ್ಲ ಹೇಳುತ್ತಾರೆ. ಅಪಘಾತದ ಹಾನಿ ವಾರಂಟಿಗೆ ಬರುವುದಿಲ್ಲ ಎಂಬ ಸಾಲನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಮೊದಲನೆಯದು ಬಿಳಿ ಕಾರು, ಜಯನಗರದ ನಿವೃತ್ತ ಮೇಷ್ಟ್ರೊಬ್ಬರದು. ಕೂತ ಐದೇ ನಿಮಿಷಕ್ಕೆ ಅವರೇ ಶುರು ಮಾಡಿದರು: "ನೋಡಪ್ಪ, ಇದು ಒಂದ್ಸಲ ಟೆಂಪೋ ಹಿಂಭಾಗಕ್ಕೆ ಗುದ್ದಿದೆ. ನಮ್ಮ ಮಗ ಓಡಿಸ್ತಿದ್ದ." ಒಂದು ಫೈಲ್ ತಂದಿಟ್ಟರು. ಸರ್ವೇಯರ್ ತೆಗೆದ ಫೋಟೋ, ಅಧಿಕೃತ ವರ್ಕ್‌ಶಾಪಿನ ಬಿಲ್ಲು, ಬದಲಾಯಿಸಿದ ಸಾಮಾನಿನ ಪಟ್ಟಿ ಎಲ್ಲ ಅದರಲ್ಲಿತ್ತು. ಎಡಗಡೆ ಹೆಡ್‌ಲೈಟ್, ಫೆಂಡರ್, ಬಂಪರ್, ಎಸಿ ಕಂಡೆನ್ಸರ್. ಏರ್‌ಬ್ಯಾಗ್ ಬಿಚ್ಚಿಕೊಂಡಿರಲಿಲ್ಲ. ಬಿಲ್ಲು 1.38 ಲಕ್ಷ. ಆಗ ಕಾರಿನ ಐಡಿವಿ, ಅಂದರೆ ವಿಮೆಯವರು ಕಟ್ಟಿದ ಬೆಲೆ, 9.8 ಲಕ್ಷ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ವಿಮೆಯವರು ಅದನ್ನು ಟೋಟಲ್ ಲಾಸ್ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಇದು 15% ಕೂಡ ಮುಟ್ಟಿಲ್ಲ. ಕೇಳಿದ ಬೆಲೆ 7.6 ಲಕ್ಷ.

ಎರಡನೆಯದು ನೀಲಿ, ಹೊಸೂರು ರಸ್ತೆಯ ಒಂದು ಯಾರ್ಡಿನಲ್ಲಿ. ಬೆಲೆ 7.2 ಲಕ್ಷ. "ನಾನ್ ಆಕ್ಸಿಡೆಂಟಲ್ ಸರ್, ಸಿಂಗಲ್ ಓನರ್, ಗೆರೆ ಕೂಡ ಬಿದ್ದಿಲ್ಲ." ಗೆರೆ ಬಿದ್ದಿರಲಿಲ್ಲ, ನಿಜ. ಮೂರನೆಯದು ಬೆಳ್ಳಿ ಬಣ್ಣದ್ದು. ದೊಡ್ಡ ಶೋರೂಮು, ಕಾಫಿ ಮಷಿನ್ನು, ನೂರಾರು ಅಂಶಗಳ ತಪಾಸಣೆ ಮಾಡಿದ ಹೊಳೆಯುವ ರಿಪೋರ್ಟು. 8.9 ಲಕ್ಷ, ಚೌಕಾಸಿ ಇಲ್ಲ. ನಾಲ್ಕನೆಯದೊಂದು 3.8 ಲಕ್ಷಕ್ಕೆ ಬ್ರೋಕರ್ ಮೊಬೈಲಿನಲ್ಲಿ ಬಂದಿತ್ತು, ಹರಾಜಿನ ಮಾಲು. ಯಾಕೆ ಹರಾಜಾಯಿತು ಎಂದರೆ "ಸ್ವಲ್ಪ ನೀರು ಹೋಗಿತ್ತು ಅಷ್ಟೇ". 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು ಕಡೆ ನೆರೆ ಬಂದು ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಿದ್ದು ನೆನಪಾಗಿ ಫೋನ್ ಇಟ್ಟೆ. ಈ ಬ್ಯಾಟರಿಗೆ ಐಪಿ 67 ರೇಟಿಂಗ್ ಇದೆ, ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯಬೇಕು. ಅಲ್ಲಿ ಕಾರುಗಳು ಅರ್ಧ ಗಂಟೆಯಲ್ಲ, ದಿನಗಟ್ಟಲೆ ನಿಂತಿದ್ದವು.

ಮೊದಲ ಪರೀಕ್ಷೆ ಎಲ್ಲರೂ ಹೇಳುವಂಥದ್ದೇ. ಬನಶಂಕರಿಯಿಂದ ಕನಕಪುರಕ್ಕೆ ಹೋಗಿ ಬರುವುದು, ಸರಿಯಾಗಿ ನೂರು ಕಿಲೋಮೀಟರ್, ಎಸಿ 24ರಲ್ಲಿ, ಇಬ್ಬರೇ. ಯಾರ್ಡಿನವನು ಐದು ಸಾವಿರ ಟೋಕನ್ ಇಟ್ಟ ಮೇಲೆ ಕೀ ಕೊಟ್ಟ, ಜೊತೆಗೆ ಒಬ್ಬ ಹುಡುಗನನ್ನೂ ಕೂರಿಸಿದ. ಬಿಳಿ ಕಾರು 53% ಚಾರ್ಜ್ ತಿಂದಿತು, ಬೆಳ್ಳಿ 50%, ನೀಲಿ 49%. ಹೌದು, ಮೂರರಲ್ಲಿ ಮೊದಲ ರ‍್ಯಾಂಕ್ ಬಂದಿದ್ದು ಕೊನೆಗೆ ನಾನು ಬೇಡವೇ ಬೇಡ ಎಂದು ಬಿಟ್ಟು ಬಂದ ಕಾರು! ರೇಂಜ್ ಪರೀಕ್ಷೆಯಿಂದ ಬ್ಯಾಟರಿಯ ವಯಸ್ಸು ಗೊತ್ತಾಗಬಹುದು, ಗಾಯ ಗೊತ್ತಾಗುವುದಿಲ್ಲ.

ಗಾಯ ಮೊದಲು ಕಂಡಿದ್ದು ಕಾಗದದಲ್ಲಿ. ನೀಲಿ ಕಾರಿನ ವಿಮೆ ಪಾಲಿಸಿ ಕೇಳಿದೆ. 2024ರ ಮಾರ್ಚಿನಲ್ಲಿ ನವೀಕರಿಸಿದ್ದು. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಮೊದಲ ವರ್ಷ ಕ್ಲೇಮ್ ಇಲ್ಲದಿದ್ದರೆ 20%, ಆಮೇಲೆ 25, 35, 45, ಕೊನೆಗೆ 50ರವರೆಗೆ ಏರುತ್ತದೆ. ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. 2021ರ ಮಾರ್ಚಿನ ಕಾರು ಮೂರು ವರ್ಷ ಸುಮ್ಮನೆ ಓಡಿದ್ದರೆ ಅಲ್ಲಿ 35 ಇರಬೇಕಿತ್ತು. ಇದ್ದದ್ದು ಸೊನ್ನೆ. ಕಾರು ಕೈ ಬದಲಾಗಿದ್ದರೂ, ಪಾಲಿಸಿ ತಿಂಗಳುಗಟ್ಟಲೆ ನಿಂತಿದ್ದರೂ ಸೊನ್ನೆಯಾಗಬಹುದು. ಆದರೆ ಇದು ಸಿಂಗಲ್ ಓನರ್ ಅಂತ ಯಾರ್ಡಿನವನೇ ಹೇಳಿದ್ದ, ಹಳೆಯ ಪಾಲಿಸಿಗಳೂ ಸಾಲಾಗಿದ್ದವು. ಮೇಷ್ಟ್ರ ಪಾಲಿಸಿಯಲ್ಲೂ ಸೊನ್ನೆಯೇ ಇತ್ತು. ಆದರೆ ಅವರು ಆ ಸೊನ್ನೆಯ ಕತೆಯನ್ನು ಫೋಟೋ ಸಮೇತ ಮೊದಲೇ ಹೇಳಿದ್ದರು. ಸರ್ಕಾರದ ವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿದೆ ಅಂತ ನೆಮ್ಮದಿಯಾಗಿ ಇರುವವರಿಗೆ ಒಂದು ಮಾತು: ಅಲ್ಲಿ ಎಷ್ಟನೇ ಓನರ್, ಸಾಲ ಇದೆಯಾ, ವಿಮೆ ಯಾವಾಗ ಮುಗಿಯುತ್ತದೆ ಎಂದು ಸಿಗುತ್ತದೆ. ಎಲ್ಲಿ ಗುದ್ದಿತ್ತು ಎಂದು ಸಿಗುವುದಿಲ್ಲ.

ಆಮೇಲೆ ಭಾಯ್ ನೀಲಿ ಕಾರಿಗೆ ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ ಹಿಡಿದ. ಬಾಗಿಲುಗಳಲ್ಲಿ 110, 120 ಮೈಕ್ರಾನ್. ಹಿಂದಿನ ಚಕ್ರದ ಮೇಲೆ, ಚಾರ್ಜಿಂಗ್ ಮುಚ್ಚಳ ಇರುವ ಪ್ಯಾನೆಲ್‌ಗೆ ಇಟ್ಟ ಕೂಡಲೇ 640. ಬೆರಳಲ್ಲಿ ತಟ್ಟಿದ. ಟಣ್ ಅನ್ನಬೇಕಾದ ಕಡೆ ಡಬ್ ಅಂತು. "ಪುಟ್ಟಿ ಸರ್, ಒಳ್ಳೆ ಟಿಂಕರಿಂಗು," ಎಂದ, ಕೆಲಸಗಾರನ ಮೇಲೆ ನಿಜವಾದ ಗೌರವದಿಂದಲೇ. ನಮ್ಮ ಭಾಷೆಯಲ್ಲಿ ಗುದ್ದುವುದಕ್ಕೂ ಡಿಕ್ಕಿ, ಹಿಂದೆ ಲಗೇಜ್ ಇಡುವುದಕ್ಕೂ ಡಿಕ್ಕಿ. ಇಲ್ಲಿ ಡಿಕ್ಕಿಗೇ ಡಿಕ್ಕಿಯಾಗಿತ್ತು.

ಪೆಟ್ರೋಲ್ ಕಾರಿನಲ್ಲಿ ಈ ಜಾಗಕ್ಕೆ ಪೆಟ್ಟಾದರೆ ಹೆಚ್ಚಾಗಿ ಅಂದ ಕೆಡುತ್ತದೆ, ಅಷ್ಟೇ. ಈ ಕಾರಿನಲ್ಲಿ ಪೆಟ್ರೋಲ್ ಮುಚ್ಚಳದ ಜಾಗದಲ್ಲೇ ಚಾರ್ಜಿಂಗ್ ಸಾಕೆಟ್ ಇದೆ, ಅದರ ಹಿಂದಿನಿಂದಲೇ ಹೈವೋಲ್ಟೇಜ್ ಕೇಬಲ್ ಬ್ಯಾಟರಿಗೆ ಹೋಗುತ್ತದೆ. ಹಾಗಾಗಿ ಡಿಸಿ ಚಾರ್ಜರ್‌ಗೆ, ಅಂದರೆ ವೇಗದ ಚಾರ್ಜರ್‌ಗೆ, ಹಾಕಿ ನೋಡೋಣ ಎಂದೆ. ಹುಡುಗ ಗಡಿಯಾರ ನೋಡಿಕೊಂಡ. ಗನ್ ಸಿಕ್ಕಿಸಿದೆವು, 20 ಕಿಲೋವ್ಯಾಟ್ ತನಕ ಏರಿತು, ನಾಲ್ಕನೇ ನಿಮಿಷಕ್ಕೆ ಟಕ್ ಅಂತ ನಿಂತಿತು. ಮತ್ತೆ ಹಾಕಿದರೆ ಮತ್ತೆ ನಿಂತಿತು. "ಚಾರ್ಜರ್ ಪ್ರಾಬ್ಲಂ ಸರ್, ಇಲ್ಲಿ ಯಾವಾಗ್ಲೂ ಹಿಂಗೇ." ನಾವು ಗನ್ ಬಿಟ್ಟ ಕೂಡಲೇ ಹಿಂದೆ ಕಾಯುತ್ತಿದ್ದ ಟ್ಯಾಕ್ಸಿಯವರು ಹಾಕಿಕೊಂಡರು. ನಾವು ಟೀ ಕುಡಿದು ಬರುವಷ್ಟರಲ್ಲಿ ಅವರದ್ದು 31ರಿಂದ 52ಕ್ಕೆ ಬಂದಿತ್ತು. ಹುಡುಗ ನೆಲ ನೋಡುತ್ತಿದ್ದ. ಪಾಪ, ಅವನದೇನು ತಪ್ಪು.

ಮನೆಯಲ್ಲಿ 15 ಆಂಪ್ ಪ್ಲಗ್‌ಗೆ ಮಾತ್ರ ಹಾಕಿ ನೋಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ನಿಧಾನದ ಚಾರ್ಜಿಂಗ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಇಷ್ಟಾದ ಮೇಲೂ ಯಾರ್ಡಿನವನು 7.2 ಲಕ್ಷದ ಮೇಲೆ 18% ಜಿಎಸ್‌ಟಿ ಸೇರಿಸಿ ಲೆಕ್ಕ ಬರೆದ. ಹಳೆಯ ಇವಿಗಳ ತೆರಿಗೆ 12ರಿಂದ 18ಕ್ಕೆ ಏರಿದ್ದು ನಿಜ, 2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿ ಸಭೆಯಲ್ಲಿ. ಆದರೆ ಅದು ಡೀಲರ್‌ನ ಲಾಭದ ಮೇಲೆ ಮಾತ್ರ, ಪೂರ್ತಿ ಬೆಲೆಯ ಮೇಲಲ್ಲ. ಮೇಷ್ಟ್ರಂಥ ಖಾಸಗಿ ಮಾಲೀಕರು ಮಾರಿದರೆ ಅದೂ ಇಲ್ಲ. ಟೋಕನ್ ವಾಪಸ್ ಪಡೆಯಲು ಎರಡು ವಾರ ಓಡಾಡಿದೆ.

ಬೆಳ್ಳಿ ಕಾರಿನ ಕಾಗದ ಕನ್ನಡಿಯಂತಿತ್ತು. ಬೋನಸ್ 35, ಪೇಂಟ್ ಎಲ್ಲ ಕಡೆ ಒಂದೇ ಸಮ. ಲಿಫ್ಟಿಗೆ ಏರಿಸಿ ಎಂದರೆ ಮಾತ್ರ ಶೋರೂಮಿನವರು "ರಿಪೋರ್ಟ್ ಇದೆಯಲ್ಲ ಸರ್" ಎಂದು ನಾಲ್ಕು ಸಲ ಹೇಳಿದರು. ಐದನೇ ಸಲಕ್ಕೆ ಏರಿಸಿದರು. ಬ್ಯಾಟರಿ ಡಬ್ಬಿಯ ತಳದಲ್ಲಿ ಮೊಳದುದ್ದದ ಗೆರೆ, ಅದರ ತುದಿಯಲ್ಲಿ ಬೊಟ್ಟು ಕೂರುವಷ್ಟು ತಗ್ಗು. ನಮ್ಮೂರಿನ ಹಂಪ್‌ಗಳ ಸಹಿ. ಮಾಲೀಕರು ಕ್ಲೇಮ್ ಮಾಡಿರಲಿಲ್ಲ, ಬಹುಶಃ ಅವರಿಗೇ ಗೊತ್ತಿರಲಿಲ್ಲ. ಕ್ಲೇಮ್ ಇಲ್ಲದ್ದರಿಂದ ರಿಪೋರ್ಟಿನಲ್ಲಿ ಅಪಘಾತವೂ ಇಲ್ಲ.

ತಳದ ತಗ್ಗಿಗೆ ಯಾಕೆ ಹೆದರಬೇಕು ಎಂದರೆ, ಈ ಬ್ಯಾಟರಿಯನ್ನು ತಣ್ಣಗಿಡಲು ಕೂಲಂಟ್ ದ್ರವ ಓಡುತ್ತದೆ. 2011ರಲ್ಲಿ ಅಮೆರಿಕದ ಸರ್ಕಾರಿ ಪರೀಕ್ಷೆಯೊಂದರಲ್ಲಿ ಶೆವ್ರೊಲೆ ವೋಲ್ಟ್ ಕಾರನ್ನು ಪಕ್ಕದಿಂದ ಕಂಬಕ್ಕೆ ಗುದ್ದಿಸಿದ್ದರು. ಬ್ಯಾಟರಿಗೆ ಗಾಯವಾಗಿ ಕೂಲಂಟ್ ಸೋರಿತು. ಬೆಂಕಿ ಹತ್ತಿದ್ದು ಅವತ್ತಲ್ಲ, ಸುಮಾರು ಮೂರು ವಾರದ ನಂತರ, ಸುಮ್ಮನೆ ನಿಲ್ಲಿಸಿದ್ದಾಗ. ಆ ಬ್ಯಾಟರಿ ಬೇರೆ, ಈ ಬ್ಯಾಟರಿ ಬೇರೆ. ನೆಕ್ಸಾನಿನದು ಎಲ್ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, ಬಿಸಿಯನ್ನು ಹೆಚ್ಚು ತಾಳುವ ಜಾತಿ. ಆದರೂ ಗುದ್ದಿದ ದಿನ ಏನೂ ಆಗಲಿಲ್ಲ ಎನ್ನುವುದು ಪ್ರಮಾಣಪತ್ರವಲ್ಲ. ಡಬ್ಬಿ ತಗ್ಗಾದ ಮೇಲೆ ಐಪಿ 67 ಅನ್ನು ಎಷ್ಟು ನಂಬಬೇಕೋ ಅದೂ ಪ್ರಶ್ನೆಯೇ. ಬ್ಯಾಟರಿ ಬದಲಿಸಬೇಕಾಗಿ ಬಂದರೆ ನಾನು ಕಾರಿಗೆ ಕೊಡಲಿದ್ದ ಹಣದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ಬಿಳಿ ಮತ್ತು ಬೆಳ್ಳಿ, ಎರಡನ್ನೂ ದುಡ್ಡು ಕೊಟ್ಟು ಸರ್ವಿಸ್ ಸೆಂಟರಿನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ನೀವೂ ಹೀಗೆ ನೋಡಿಸುವುದಾದರೆ ಚಾರ್ಜ್ 100% ಮಾಡಿಕೊಂಡೇ ಹೋಗಿ. ಎಲ್ಎಫ್‌ಪಿ ಸೆಲ್‌ಗಳ ವೋಲ್ಟೇಜ್ ನಡುಮಧ್ಯದಲ್ಲಿ ಚಪ್ಪಟೆಯಾಗಿರುತ್ತದೆ, ಸೋತ ಸೆಲ್ಲೂ ಗುಂಪಿನಲ್ಲಿ ಮುಖ ಮರೆಸಿಕೊಳ್ಳುತ್ತದೆ. ಪೂರ್ತಿ ತುಂಬಿದಾಗ ಅಥವಾ ಖಾಲಿಯಾದಾಗ ಸಿಕ್ಕಿ ಬೀಳುತ್ತದೆ. ಬಿಳಿ ಕಾರಿನಲ್ಲಿ ಮೇಲಿನ ಸೆಲ್ಲಿಗೂ ಕೆಳಗಿನದಕ್ಕೂ 18 ಮಿಲಿವೋಲ್ಟ್ ಅಂತರ, ಬೆಳ್ಳಿಯಲ್ಲಿ 26; ಅಂತರ ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡರಲ್ಲೂ ಇನ್ಸುಲೇಶನ್ ದೋಷದ, ಅಂದರೆ ಕರೆಂಟ್ ಸೋರಿಕೆಯ, ಕೋಡ್ ಇಲ್ಲ. ಬೆಳ್ಳಿ ಕಾರು ಕೆಟ್ಟದ್ದು ಎಂದು ಇವತ್ತಿಗೂ ಹೇಳಲಾರೆ. ತಳದ ತಗ್ಗಿನ ವಿಷಯ ಬರೆದುಕೊಡಿ, ಎಂಟಕ್ಕೆ ಇಳಿಸಿ ಎಂದೆ. ಎರಡೂ ಆಗಲ್ಲ ಎಂದರು.

ಬಿಳಿ ಕಾರು 6.95ಕ್ಕೆ ಕುದುರಿತು. ಎಡಗಡೆ ಹೆಡ್‌ಲೈಟ್ ಹೊಸದು, ಬಲಗಡೆಯದು ಹಳದಿ ತಿರುಗಿದೆ, ರಾತ್ರಿ ಮೆಳ್ಳೆಗಣ್ಣಿನ ಹಾಗೆ ಕಾಣುತ್ತದೆ. ಬಾನೆಟ್ ಎಡ ಮೂಲೆಯ ಸಂದು ಒಂದು ನೂಲು ಜಾಸ್ತಿ. ಅಲ್ಲಿಂದ ಎಂಬತ್ತರ ಮೇಲೆ ಗಾಳಿ ಶಿಳ್ಳೆ ಹೊಡೆಯುತ್ತದೆ. ಆರ್‌ಸಿ ನನ್ನ ಹೆಸರಿಗಾದ 14 ದಿನದೊಳಗೆ ವಿಮೆಯನ್ನೂ ವರ್ಗಾಯಿಸಿಕೊಂಡೆ. ಮೇಷ್ಟ್ರ ಫೈಲಿನ ಫೋಟೋಗಳನ್ನು ಮೊಬೈಲಿಗೆ ಹಾಕಿಕೊಂಡು, ಮೂತಿ ಚಪ್ಪಟೆಯಾಗಿ ಟೆಂಪೋ ಅಡಿ ಸಿಕ್ಕಿಕೊಂಡ ಬಿಳಿ ಕಾರನ್ನು ನನ್ನ ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಹಿಗ್ಗಿಸಿ ಹಿಗ್ಗಿಸಿ ನೋಡಿ ಫೋನ್ ವಾಪಸ್ ಕೊಟ್ಟಳು.

"ರೀ, ಇದನ್ನ ಅತ್ತೆಗೆ ಮಾತ್ರ ತೋರಿಸ್ಬೇಡಿ."