ಪ್ರೇರಿ ಹೂ ಗುರುತಿಸಲು 10 ಪಟ್ಟಿನ ಕೈಮಸೂರ: ಕೊಳ್ಳಬಹುದೇ?

ಉತ್ತರ ಅಮೆರಿಕದ ಪ್ರೇರಿ ಹುಲ್ಲುಗಾವಲಿನಲ್ಲಿ ಎಕಿನೇಸಿಯದ (ಸೂರ್ಯಕಾಂತಿ ಕುಟುಂಬದ ಹೂಗಿಡ) ಕೆಲವು ಜಾತಿಗಳನ್ನು ಬೇರ್ಪಡಿಸಲು ಬರಿಗಣ್ಣು ಸಾಲದು. ಅದಕ್ಕೆ ಮೂರು ಗಾಜು ಅಂಟಿಸಿದ, 10 ಪಟ್ಟು ಹಿಗ್ಗಿಸುವ ಮಡಚುವ ಮಸೂರವೇ ಸರಿ. ಒಂಟಿ ಗಾಜಿನ ಅಗ್ಗದ ಮಸೂರದಲ್ಲಿ ಅಂಚು ಮಸುಕಾಗಿ, ಬಣ್ಣದ ಗೆರೆ ಮೂಡುತ್ತದೆ. ಇಲ್ಲಿ ಪರಾಗದ ಬಣ್ಣವೇ ಮುಖ್ಯವಾದ್ದರಿಂದ ಅದು ದೊಡ್ಡ ದೋಷ.

ಎಕಿನೇಸಿಯದ ಪ್ಯಾಲಿಡಾ ಮತ್ತು ಆಂಗಸ್ಟಿಫೋಲಿಯ ಜಾತಿಗಳೆರಡಕ್ಕೂ ಎಲೆ ಕಿರಿದು, ಅಂಚು ನಯ. ಪ್ಯಾಲಿಡಾದ ದಳಗಳು ಸುಮಾರು 4ರಿಂದ 9 ಸೆಂ.ಮೀ. ಉದ್ದವಿದ್ದು ಜೋತು ಬೀಳುತ್ತವೆ, ಆಂಗಸ್ಟಿಫೋಲಿಯದವು ಗಿಡ್ಡ. ಆದರೆ ಎಳೆ ಹೂವಿನಲ್ಲಿ ಈ ಅಳತೆ ನಂಬುವಂತಿಲ್ಲ. ಆಗ ಪರಾಗ ನೋಡಿ: ಪ್ಯಾಲಿಡಾದ್ದು ಸಾಮಾನ್ಯವಾಗಿ ಬಿಳಿ, ಆಂಗಸ್ಟಿಫೋಲಿಯದ್ದು ಹಳದಿ. ಇನ್ನೊಂದು ಜಾತಿಯಾದ ಪರ್ಪ್ಯೂರಿಯದ ಪರಾಗವೂ ಹಳದಿಯೇ, ಆದರೆ ಅದರ ಅಗಲವಾದ, ಹಲ್ಲಂಚಿನ ಎಲೆಗೆ ಮಸೂರವೇ ಬೇಡ.

ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹೂವನ್ನು 2.5 ಸೆಂ.ಮೀ. ದೂರಕ್ಕೆ ತನ್ನಿ. ಹಲವರು ಮಸೂರವನ್ನು ಹೂವಿನ ಮೇಲೆ ಹಿಡಿದು ದೂರದಿಂದ ಇಣುಕುತ್ತಾರೆ, ಕಾಣುವುದು ಕಾಸಿನಗಲ. ಹೂವಿನ ನಡುವಿನ ಗುಮ್ಮಟದಲ್ಲಿ ಕಿರುಹೂಗಳು ಅಂಚಿನಿಂದ ಒಳಕ್ಕೆ ಅರಳುತ್ತವೆ, ಹಾಗಾಗಿ ಆಗಷ್ಟೇ ಬಿರಿದ ಸುತ್ತಿನಲ್ಲೇ ಪರಾಗ ಹುಡುಕಿ. ಕಿರುಹೂಗಳ ನಡುವೆ ಚಾಚಿರುವ ಕಿತ್ತಳೆ ಬಣ್ಣದ ಚೂಪು ಮೊನೆಗಳನ್ನು ಪರಾಗವೆಂದು ತಿಳಿಯಬೇಡಿ.

20 ಪಟ್ಟಿನದಕ್ಕೆ ಆಸೆಪಡಬೇಡಿ. ಬೆಳಕು ಕಡಿಮೆ, ನೋಟ ಕಿರಿದು, ಗಾಳಿಗೆ ಹೂ ಸ್ವಲ್ಪ ಅಲುಗಿದರೂ ಚಿತ್ರ ಜಾರುತ್ತದೆ. ಕೊಳ್ಳುವಾಗ ಗಾಜಿನ ವ್ಯಾಸ 18 ಮಿ.ಮೀ.ಗಿಂತ ಕಡಿಮೆ ಇರದಿರಲಿ. ಮಡಚುವ ತಿರುಪು ಸಡಿಲವಾಗುವುದು ಇವುಗಳ ಮಾಮೂಲಿ ಕಾಯಿಲೆ, ಬಿಗಿಮಾಡಲು ಬರುವಂಥದ್ದನ್ನೇ ಆರಿಸಿ.