ದಿನಗೂಲಿ, ಚದರಡಿ ಲೆಕ್ಕ, ಮೆಟೀರಿಯಲ್ ಸಮೇತ: ದುಡ್ಡು ಉಳಿಯುವುದು ಎಲ್ಲಿ?

ತುಮಕೂರಿನಲ್ಲಿ ಮನೆ ಕಟ್ಟಿಕೊಡುವ ನಮ್ಮಂಥ ಚಿಕ್ಕ ಕಾಂಟ್ರಾಕ್ಟರುಗಳಿಗೆ ಕೆಲಸ ಹಂಚಲು ಮೂರು ದಾರಿ. ಆಳುಗಳನ್ನು ದಿನಗೂಲಿಗೆ ಕರೆಯಬಹುದು. ಮೇಸ್ತ್ರಿಗೆ ಚದರಡಿ ಲೆಕ್ಕದಲ್ಲಿ ಲೇಬರ್ ಮಾತ್ರ ಕೊಡಬಹುದು. ಇಲ್ಲಾ ಮೆಟೀರಿಯಲ್ ಸಮೇತ ಒಪ್ಪಿಸಿಬಿಡಬಹುದು. ಮರಳೂರು, ಕ್ಯಾತ್ಸಂದ್ರ ಕಡೆಯ ಮನೆಗಳಲ್ಲಿ ಮೂರನ್ನೂ ಮಾಡಿ ನೋಡಿದ್ದೇನೆ.

ದಿನಗೂಲಿಯಲ್ಲಿ ಕೆಲಸ ನೀಟು. ಯಾರಿಗೂ ಅವಸರ ಇರುವುದಿಲ್ಲ, ತೊಂದರೆಯೂ ಅದೇ. ನಾನು ಸೈಟಿನಲ್ಲಿದ್ದರೆ ಒಂದು ಥರ, ಅಂಗಡಿಗೆ ಹೋದರೆ ಇನ್ನೊಂದು ಥರ. ಜಲ್ಲಿ ಲೋಡ್ ಬರದಿದ್ದರೂ ಅವತ್ತಿನ ಕೂಲಿ ಕೊಡಲೇಬೇಕು. ಆದರೂ ನೆಲದಡಿಯ ನೀರಿನ ಸಂಪ್‌ಗೆ, ಬಾತ್‌ರೂಮಿನ ವಾಟರ್‌ಪ್ರೂಫಿಂಗಿಗೆ ದಿನಗೂಲಿಯನ್ನೇ ಇಡುತ್ತೇನೆ. ಅಲ್ಲಿ ಗಡಿಬಿಡಿ ಮಾಡಿದರೆ ಆಮೇಲೆ ಟೈಲ್ಸ್ ಒಡೆಯಬೇಕಾಗುತ್ತದೆ. (ಕಡಲೆಕಾಯಿ ಕೀಳುವ ಹೊತ್ತಿಗೆ ಪಾವಗಡ, ಶಿರಾ ಕಡೆಯವರು ಊರಿಗೆ ಹೊರಟರೆ ಯಾವ ಲೆಕ್ಕದಲ್ಲಿದ್ದರೂ ಕೆಲಸ ನಿಲ್ಲುತ್ತದೆ, ಅದು ಬಿಡಿ.)

ಚದರಡಿ ಲೆಕ್ಕದಲ್ಲಿ ದಿನ ಹಾಳಾದರೆ ನಷ್ಟ ಮೇಸ್ತ್ರಿಗೆ. ಆದರೆ ಸಿಮೆಂಟು ನನ್ನದು, ಅಲ್ವಾ? ರೇಟಿನಲ್ಲಿ ಒಂದೆರಡು ರೂಪಾಯಿ ಚೌಕಾಸಿ ಮಾಡಿ ಖುಷಿಪಡುವವರು ಇದನ್ನು ನೋಡುವುದೇ ಇಲ್ಲ. 100 ಚದರಡಿ ಗೋಡೆಗೆ 1:6 ಗಾರೆಯಲ್ಲಿ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) 12 ಮಿಲಿಮೀಟರ್ ಪ್ಲಾಸ್ಟರಿಂಗ್ ಮಾಡಲು ಸುಮಾರು 30 ಕೆಜಿ ಸಿಮೆಂಟ್ ಸಾಕು. ಗೋಡೆ ಸೊಟ್ಟಗಿದ್ದು 20 ಮಿಲಿಮೀಟರ್ ಬಳಿಯಬೇಕಾದರೆ 50 ಕೆಜಿಯ ಇಡೀ ಮೂಟೆ ಖಾಲಿ. ಎಂ-ಸ್ಯಾಂಡೂ (ಕಲ್ಲು ಪುಡಿ ಮಾಡಿದ ಮರಳು) ಅದೇ ಪ್ರಮಾಣದಲ್ಲಿ ಜಾಸ್ತಿ. ಇಡೀ ಮನೆಗೆ ಲೆಕ್ಕ ಹಾಕಿ, ಲಾಭ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ.

ಹಾಗಾಗಿ ಬ್ಲಾಕ್ ಕಟ್ಟುವುದನ್ನೂ ಪ್ಲಾಸ್ಟರಿಂಗನ್ನೂ ಈಗ ಒಬ್ಬನೇ ಮೇಸ್ತ್ರಿಗೆ ಕೊಡುತ್ತೇನೆ. ಬೇರೆ ಬೇರೆ ಕೊಟ್ಟರೆ ರೇಟು ಸ್ವಲ್ಪ ಕಮ್ಮಿಗೆ ಸಿಗುತ್ತದೆ, ನಿಜ. ಆದರೆ ಗೋಡೆ ಕಟ್ಟಿದವನು ದುಡ್ಡು ತಗೊಂಡು ಹೋಗಿರುತ್ತಾನೆ, ಪ್ಲಾಸ್ಟರಿಂಗಿನವನು "ಸಾರ್, ಗೋಡೆನೇ ಔಟ್ ಇದೆ, ನಾನೇನ್ ಮಾಡ್ಲಿ" ಅನ್ನುತ್ತಾನೆ. ಒಬ್ಬನೇ ಆದರೆ ದಪ್ಪ ಬಳಿಯುವ ಕಷ್ಟ ಅವನದೇ. ತೂಗುಗುಂಡು ಹಿಡಿದು ನೆಟ್ಟಗೆ ಕಟ್ಟುತ್ತಾನೆ.

ಮೋಲ್ಡ್ (ಕಾಂಕ್ರೀಟ್ ಚಾವಣಿ) ಹಾಕುವುದಕ್ಕೆ ಯೋಚನೆಯೇ ಬೇಡ. ಮಿಕ್ಸರ್, ಲಿಫ್ಟ್ ಸಮೇತ ಗ್ಯಾಂಗ್ ಬಂದು ಚದರದ (ನೂರು ಚದರಡಿ) ಲೆಕ್ಕದಲ್ಲಿ ಒಂದೇ ದಿನಕ್ಕೆ ಮುಗಿಸುತ್ತದೆ.

ಮೆಟೀರಿಯಲ್ ಸಮೇತ ಕೊಟ್ಟರೆ ಓಡಾಟ ತಪ್ಪುತ್ತದೆ, ಉಳಿತಾಯವೂ ತೆಳ್ಳಗಾಗುತ್ತದೆ. ಬಿಲ್ ಕೊಡುವವರಾದರೆ ಮೇಲೆ 18% ಜಿಎಸ್‌ಟಿ. ರೇಟು ಹಿಂಡಿದಷ್ಟೂ ಅವರು ಮಾಲಿನಲ್ಲಿ ಹಿಡಿಯುತ್ತಾರೆ, ಎರಡು ಕೋಟ್ ಪುಟ್ಟಿ ಒಂದಾಗುತ್ತದೆ. ಓನರ್ ಫೋನ್ ಮಾಡುವುದು ಮಾತ್ರ ನನಗೇ. ಅಲ್ಯೂಮಿನಿಯಂ ಕಿಟಕಿ, ಪೇಂಟಿಂಗ್ ಬಿಟ್ಟು ಬೇರೆ ಯಾವುದನ್ನೂ ಹೀಗೆ ಕೊಡುವುದಿಲ್ಲ. ಅದರಲ್ಲೂ ಕಂಪನಿ ಯಾವುದು, ಎಷ್ಟು ಕೋಟ್ ಅಂತ ಬರೆಸಿಕೊಂಡ ಮೇಲೆಯೇ ಅಡ್ವಾನ್ಸ್.