ಮೀನಿನ ಮಿನರಲ್ ಪುಡಿ: ಎರಡು ಹಂಗಾಮು ಹಾಕಿದ ಮೇಲೆ

ಕಿಲೋಗೆ 190 ರೂಪಾಯಿ ಕೊಟ್ಟು ತಂದ ಪುಡಿ. ಮೊದಲ ಹಂಗಾಮಿನಲ್ಲಿ ಅದನ್ನು ಮೀನಿಗಿಂತ ಜಾಸ್ತಿ ಪಾಚಿಯೇ ತಿಂದಿತು.

ನಮ್ಮದು ಚಿತ್ತಾಪುರ ಕಡೆ. ತೊಗರಿ ಹೊಲದ ಮೂಲೆಯಲ್ಲಿ ಕೃಷಿಹೊಂಡ, ತಳಕ್ಕೆ ಪ್ಲಾಸ್ಟಿಕ್ ಹಾಳೆ, ಒಳಗೆ ಕಾಟ್ಲಾ ಮತ್ತು ರೋಹು. ಶಹಾಬಾದ್ ಕಲ್ಲಿನ, ಅಂದರೆ ಸುಣ್ಣಕಲ್ಲಿನ ಸೀಮೆ ಇದು, ಬೋರ್ ನೀರು ಕಾಸಿದರೆ ಪಾತ್ರೆಗೆ ಬಿಳಿ ಕಟ್ಟುತ್ತದೆ. ಹಾಗಾಗಿ ಕ್ಯಾಲ್ಸಿಯಂ ಚಿಂತೆ ಇಲ್ಲ, ಮೀನು ಅದನ್ನು ಕಿವಿರಿನಿಂದಲೇ ಎಳೆದುಕೊಳ್ಳುತ್ತದೆ. ರಂಜಕ ಮಾತ್ರ ತಿನ್ನೋದರಿಂದಲೇ ಬರಬೇಕು. ತೌಡು, ಹಿಂಡಿಯಲ್ಲಿ ಅದು ಇದೆ, ಆದರೆ ಬಹುಪಾಲು ಫೈಟೇಟ್ ಅನ್ನೋ ಬಿಗಿದಿಟ್ಟ ರೂಪದಲ್ಲಿ ಕೂತಿರುತ್ತದೆ. ಮೀನಿಗೆ ದಕ್ಕಲ್ಲ. ಅದಕ್ಕೇ ರಂಜಕ ಇರುವ ಈ ಪುಡಿ ತಂದೆ.

ಪುಡಿ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿದೆ. ಒಣ ತೌಡಿಗೆ ಕಲಸಿ ಎರಚಿದೆ, ಅಷ್ಟೂ ನೀರಿನ ಮೇಲೆ ಬೆಳ್ಳಗೆ ಹರಡಿತು. ನೀರಲ್ಲಿ ಕರಗಿದ ರಂಜಕ ಪಾಚಿಗೆ ಗೊಬ್ಬರ. ತಿಂಗಳೊಳಗೆ ಹೊಂಡ ಹಸಿರು ಬಣ್ಣ ಕಲಸಿದಂತಾಯಿತು. ರಾತ್ರಿ ಪಾಚಿಯೂ ಆಮ್ಲಜನಕ ಎಳೆಯುತ್ತದಲ್ಲ, ಒಂದು ನಸುಕಿನಲ್ಲಿ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಬಿಸಿಲೇರುವ ತನಕ ಮೋಟಾರ್ ಓಡಿಸಿದೆ. ಯಾವುದಕ್ಕಾದರೂ ಅಂಟಿಸಿ ಹಾಕಿ ಅಂತ ಪ್ಯಾಕೆಟ್ ಮೇಲೆ ಒಂದು ಸಾಲಾದರೂ ಬೇಡವೇ?

ಈಗ ಬೇರೆ ದಾರಿ ಹಿಡಿದಿದ್ದೇನೆ. ರಾತ್ರಿ ಶೇಂಗಾ ಹಿಂಡಿ ಬಕೆಟ್‌ನಲ್ಲಿ ನೆನೆಹಾಕುತ್ತೇನೆ. ಬೆಳಿಗ್ಗೆ ಜೋಳದ ಹಿಟ್ಟಿನ ಗಟ್ಟಿ ಅಂಬಲಿ ಕಾಯಿಸಿ, ಆರಿದ ಮೇಲೆ ಪುಡಿ ಹಾಕಿ, ಹಿಂಡಿ, ತೌಡು ಸೇರಿಸಿ ನಾದುತ್ತೇನೆ. ಪ್ಯಾಕೆಟ್ ಹೇಳೋದು 100 ಕಿಲೋ ಮೇವಿಗೆ 1 ಕಿಲೋ ಪುಡಿ. ನನ್ನದು ದಿನಕ್ಕೆ 2 ಕಿಲೋ ಮೇವು, ಅಂದರೆ 20 ಗ್ರಾಂ ಪುಡಿ. ಅಳತೆ ಚಮಚ ಕೊಟ್ಟಿಲ್ಲ. ಕಿರಾಣಿ ಅಂಗಡಿಯಲ್ಲಿ ತೂಗಿ ನೋಡಿದೆ, ಕೆಮ್ಮಿನ ಔಷಧದ ಮುಚ್ಚಳದಲ್ಲಿ ಎರಡು ಸಲ ತುಂಬಿದರೆ ಸರಿಹೋಗುತ್ತದೆ. ಉಂಡೆಗಳನ್ನು ತೂತು ಮಾಡಿದ ಗೊಬ್ಬರದ ಚೀಲಕ್ಕೆ ತುಂಬಿ ಬಿದಿರಿಗೆ ಕಟ್ಟುತ್ತೇನೆ. ಐದು ನಿಮಿಷಕ್ಕೆ ಚೀಲ ಅಲ್ಲಾಡತೊಡಗುತ್ತದೆ. ಅದನ್ನು ನೋಡ್ತಾ ಚಹಾ ಕುಡಿಯೋದೇ ಒಂದು ಸುಖ. ಅವ್ವ ಮಾತ್ರ, "ನಮಗ ಇಲ್ಲದ ಉಪಚಾರ ಮೀನಕ್ಕ ನಡದದ" ಅಂತಾಳೆ.

ಈ ಸಲ ನೀರು ತಿಳಿಹಸಿರು ಬಿಟ್ಟು ದಾಟಲಿಲ್ಲ. ರಂಜಕ ಕಮ್ಮಿಯಾದರೆ ಮೀನಿನ ಬೆನ್ನು ಸೊಟ್ಟಗಾಗೋದುಂಟು, ಬೀಸುಬಲೆಗೆ ಸಿಕ್ಕ ರೋಹುಗಳಲ್ಲಿ ಅಂಥವು ಕಮ್ಮಿ. ಪೂರ್ತಿ ಪುಡಿಯದೇ ಪುಣ್ಯ ಅನ್ನಲಾರೆ, ಮರಿ ತಂದ ಜಾಗವನ್ನೂ ಬದಲಿಸಿದ್ದೆ. ತೂಕ ಒಂದಕ್ಕೆರಡು ಆಗುತ್ತದೆ ಅಂದಿದ್ದ ಅಂಗಡಿಯವನ ಮಾತು ಸುಮ್ನೆ ಮಾತು.

ಇನ್ನೊಂದು ತಕರಾರು. ಲೇಬಲ್‌ನಲ್ಲಿ ರಂಜಕ ಎಷ್ಟು ಅಂತಿದೆ, ಯಾವ ರೂಪದ್ದು ಅಂತಿಲ್ಲ. ಕಾಟ್ಲಾ, ರೋಹು ಸೇರಿದ ಗೆಂಡೆ ಜಾತಿಗೆ ಜಠರವೇ ಇಲ್ಲ, ರಂಜಕ ಕರಗಿಸೋ ಹುಳಿ ರಸವೂ ಇಲ್ಲ. ಮೋನೋಕ್ಯಾಲ್ಸಿಯಂ ಫಾಸ್ಫೇಟ್ ಆದರೆ ಚೆನ್ನಾಗಿ ದಕ್ಕುತ್ತದೆ, ಟ್ರೈಕ್ಯಾಲ್ಸಿಯಂ ಆದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ. ಕೇಳಿ ತಗೊಳ್ಳಿ.

ದಿನಕ್ಕೆ ನಾಲ್ಕು ರೂಪಾಯಿ ಖರ್ಚು, ನನಗೆ ಹೊರೆ ಅಲ್ಲ. ಮುಂದಿನ ವರ್ಷವೂ ತರುತ್ತೇನೆ. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದರೆ ಪುಡಿ ಗಂಟು ಕಟ್ಟುತ್ತದೆ, ಹಾಗಾಗಿ ಅವ್ವನ ಉಪ್ಪಿನಕಾಯಿ ಭರಣಿ ಒಂದನ್ನು ಹೇಳದೇ ತಂದಿಟ್ಟುಕೊಂಡಿದ್ದೇನೆ. ಇನ್ನೂ ಹುಡುಕುತ್ತಿದ್ದಾಳೆ.